ಕಿಟಕಿ ತೆರೆಯದ ಹಸಿರು ಮನೆ

"ಸರ್, ಈ ಮನೆಗೆ ಎ.ಸಿ.ನೇ ಬೇಡ!"

ಹೀಗೆಂದವಳು ನೇಹಾ, ಬಿಲ್ಡರ್ ಕಂಪನಿಯ ಸೇಲ್ಸ್ ಹುಡುಗಿ. ಹೊರಗೆ ದಿಲ್ಲಿ ಪಕ್ಕದ ನೋಯ್ಡಾ ಮೇ ತಿಂಗಳ ಬಿಸಿಲಿಗೆ ಬಾಣಲೆಯಂತೆ ಕಾದಿತ್ತು. ಅವರ ಸ್ಯಾಂಪಲ್ ಫ್ಲ್ಯಾಟಿನೊಳಗೆ ನನಗೆ ಶಾಲು ಹೊದೆಯುವಷ್ಟು ಚಳಿ. ಇನ್ನು ನಂಬದೆ ಇರುವುದು ಹೇಗೆ?

ಬರುವ ವರ್ಷ ನಮ್ಮ ಯಜಮಾನರು ರಿಟೈರ್ ಆಗುತ್ತಾರೆ. ಸರ್ಕಾರಿ ಕ್ವಾರ್ಟರ್ಸ್ ಬಿಡಬೇಕು. ಹಾಗಾಗಿ ಕಳೆದ ಭಾನುವಾರ ಮಗಳು ಅನುವನ್ನೂ ಕರೆದುಕೊಂಡು ಮನೆ ನೋಡಲು ಹೊರಟಿದ್ದೆವು. ಈ ವಯಸ್ಸಿನಲ್ಲಿ ಮನೆ ಹುಡುಕುವುದು ಹೆಣ್ಣು ನೋಡಲು ಹೋದ ಹಾಗೆ. ಉಪ್ಪಿಟ್ಟು ಕೊಟ್ಟವರದ್ದೆಲ್ಲ ಒಳ್ಳೆಯ ಸಂಬಂಧವೇ! (ಇಲ್ಲಿ ಸಮೋಸಾ ಕೊಟ್ಟಿದ್ದರು.)

ನೇಹಾ ಬ್ರೋಷರ್ ಓದತೊಡಗಿದಳು. "ಸರ್ಕಾರದ ನೀತಿಯಂತೆ ಪ್ರತಿ ಕೋಣೆಗೂ ಸಹಜ ಗಾಳಿ, ಸಹಜ ಬೆಳಕು..."

ಯಜಮಾನರ ಮುಖ ಊರಗಲವಾಯಿತು. ಕರೆಂಟು ಉಳಿಸುವ ಕಟ್ಟಡಗಳಿಗೆ ಮಾರ್ಗಸೂಚಿ ತಯಾರಿಸಿ, ಸ್ಟಾರ್ ಕೊಡುವ ಸರ್ಕಾರಿ ಕಚೇರಿಯಲ್ಲೇ ಅವರು ಸೆಕ್ಷನ್ ಆಫೀಸರು. "ಈ ವಾಕ್ಯ ನಂದು ಕಣೇ!" ಎಂದು ನನ್ನ ಕಿವಿಯಲ್ಲಿ ಉಸುರಿದರು. ನಮ್ಮ ಮದುವೆ ಕರೆಯೋಲೆಯ ನಂತರ ಅವರು ಬರೆದದ್ದು ಬಣ್ಣದಲ್ಲಿ ಅಚ್ಚಾದದ್ದು ಇದೇ ಮೊದಲು.

"ಆದರೆ ಅದರಲ್ಲಿ 'ಸಾಧ್ಯವಾದ ಮಟ್ಟಿಗೆ' ಅಂತ ಇತ್ತಲ್ಲ, ಅದೆಲ್ಲಿ?" ಎಂದು ಕೇಳಿದರು.

"ಬ್ರೋಷರಿನಲ್ಲಿ ಜಾಗ ಸಾಲಲಿಲ್ಲ ಸರ್. ಗ್ರೀನ್ ಬಿಲ್ಡಿಂಗ್ ಅಂತ ಸರ್ಟಿಫಿಕೇಟ್ ಇದ್ದರೆ ನಮಗೆ ಇನ್ನೊಂದು ಮಹಡಿ ಕಟ್ಟೋಕೂ ಪರ್ಮಿಷನ್ ಸಿಗುತ್ತೆ ಗೊತ್ತಾ!"

ಮಹಡಿ ಸಿಗುವುದು ಬಿಲ್ಡರಿಗೆ. ನಮಗೇನು ಸಿಗುತ್ತದೆ? ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಬುಕಿಂಗ್ ಮಾಡಲು ಚೆಕ್‌ಬುಕ್ಕೇ ತೆಗೆದಿದ್ದರು. ತಮ್ಮದೇ ವಾಕ್ಯವನ್ನು ನಂಬದೆ ಇರುವುದು ಯಾರಿಂದ ಸಾಧ್ಯ?

ಅಷ್ಟರಲ್ಲಿ ಕರೆಂಟು ಹೋಯಿತು. ಛಾವಣಿಯಿಂದ 'ಗರ್ರ್' ಎಂದು ಒಂದು ಸದ್ದು ಬಂದು ನಿಂತಿತು. ಅದರ ಜೊತೆಗೆ ತಂಪೂ ನಿಂತಿತು.

ಅನು ಮೇಲೆ ನೋಡಿ ಕಿರುಚಿದಳು. "ಅಪ್ಪಾ, ಆ ಪ್ಲಾಸ್ಟಿಕ್ ಹೂಗಳ ಹಿಂದೆ ಎ.ಸಿ. ಹೈ!"

ನೇಹಾ ಒಂದಿಷ್ಟೂ ಅಳುಕಲಿಲ್ಲ. "ಅದು ಎ.ಸಿ. ಅಲ್ಲ, ಡೆಮೋ! ಮನೆ ಪೂರ್ತಿಯಾದ ಮೇಲೆ ಎ.ಸಿ. ಇಲ್ಲದೇನೇ ಎಷ್ಟು ತಂಪಿರುತ್ತೆ ಅಂತ ತೋರಿಸೋಕೆ ಹಾಕಿರೋದು."

ಬೆವರೊರೆಸಿಕೊಳ್ಳುತ್ತ ಯಜಮಾನರು ಕಿಟಕಿ ತೆರೆಯಲು ಹೋದರು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಸೀಲ್ ಮಾಡಿದೆ ಸರ್. ತೆಗೆದರೆ ಎನರ್ಜಿ ವೇಸ್ಟ್."

"ಮತ್ತೆ ಸಹಜ ಗಾಳಿ?"

"ಅದು ಬಾಲ್ಕನಿಯಲ್ಲಿ ಸರ್!"

ಬಾಲ್ಕನಿಗೆ ಹೋದೆವು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಟವರಿನ ಗೋಡೆ. ಕೆಳಗೆ ಡೀಸೆಲ್ ಜನರೇಟರ್ ಗುಡುಗತೊಡಗಿತು. ಹೊಗೆ ನೇರವಾಗಿ ನಮ್ಮ ಮೂಗಿಗೇ ಬಂತು. ಜನರೇಟರಿಗೆ ಮಾತ್ರ ಅಚ್ಚ ಹಸಿರು ಬಣ್ಣ ಬಳಿದಿದ್ದರು.

"ನಡೀರಿ, ಹೋಗೋಣ," ಎಂದೆ. ಯಜಮಾನರು ಚೆಕ್‌ಬುಕ್ ಜೇಬಿಗಿಳಿಸಿದರು. ಅವಮಾನವಾಗಿತ್ತು, ಪಾಪ. ಮೋಸ ಹೋಗುವುದು ಬೇರೆ, ತಮ್ಮದೇ ಮಾತಿಗೆ ಮೋಸ ಹೋಗುವುದು ಬೇರೆ.

ಮರುದಿನ ಕಚೇರಿಯಲ್ಲಿ, ಆ 'ಸಾಧ್ಯವಾದ ಮಟ್ಟಿಗೆ'ಯನ್ನು ಕಿತ್ತುಹಾಕಬೇಕೆಂದು ಸಾಹೇಬರ ಮುಂದೆ ವಾದಿಸಿದರಂತೆ. ಸಾಹೇಬರು ತಣ್ಣಗೆ ಹೇಳಿದರಂತೆ, "ರಾವ್ ಸಾಬ್, ಅದನ್ನು ತೆಗೆದರೆ ಮನೆ ಕಟ್ಟೋದು ಯಾರು? ಅಚ್ಛಾ, ಆ ಫ್ಲ್ಯಾಟ್ ಎಲ್ಲಿ ಅಂದಿರಿ? ನಮ್ಮ ಅಳಿಯನೂ ಹುಡುಕ್ತಿದಾನೆ."

ನಿನ್ನೆ ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಹಳೆಯದೊಂದು ಫ್ಲ್ಯಾಟ್ ನೋಡಿದೆವು. ಸುಣ್ಣ ಉದುರಿದೆ. ಮೆಟ್ಟಿಲು ಕಡಿದು. ಆದರೆ ಎದುರುಬದುರು ಕಿಟಕಿಗಳು, ಹೊರಗೊಂದು ಬೇವಿನ ಮರ. ಯಜಮಾನರು ಕಿಟಕಿಗಳನ್ನು ಒಂದೊಂದಾಗಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು. ಮುಖದಲ್ಲಿ ನಗು ಬಂತು. ಇದನ್ನೇ ತಗೊಳ್ಳೋಣ ಎಂದರು.

ದಲ್ಲಾಳಿಗೇ ಸಂಕೋಚ. "ಬೆಹನ್‌ಜೀ, ಇದರಲ್ಲಿ ಸ್ಪೆಷಲ್ ಏನೂ ಇಲ್ಲ. ಬರೀ ಗಾಳಿ ಬರುತ್ತೆ," ಎಂದ.

ಬರೀ ಗಾಳಿ! ಇದಕ್ಕೆ ಸರ್ಕಾರ ಸ್ಟಾರ್ ಕೊಡುವುದು ಯಾವಾಗ?