ತಳ ಬಡಿಯುವ ಕಾರು

ಊರಲ್ಲಿ ಅಂಬಾಸಿಡರ್ ಇದ್ದವರೇ ದೊಡ್ಡವರೆನಿಸಿದ್ದ ಆ ಕಾಲದಲ್ಲಿ, ಹೊನ್ನಾಳಿಯ ಅಕ್ಕಿ ಗಿರಣಿ ಬೆನಕಪ್ಪನವರ ಜಪಾನಿ ಕಾರು ಮನೆಗೆ ಬರುವಷ್ಟರಲ್ಲಿ ಅದರ ಸದ್ದು ಬಂದು ಉಂಡು ಕೈತೊಳೆದಿರುತ್ತಿತ್ತು. ಬೊಂಬಾಯಿಯಿಂದ ತರಿಸಿದ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುವುದು ತಮಗೆ ಅವಮಾನವೆಂದು, ಮೆಕ್ಯಾನಿಕ್ ಮಂಜೂರ್ ಬೇಡವೆಂದರೂ ಕೇಳದೆ ಸೈಲೆನ್ಸರಿನ ಹೊಟ್ಟೆ ಬಗೆಸಿ, ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ತಾಗುವ ಹಾಗೆ ಕೂರಿಸಿದ್ದರು. ಕಾರು ಹುಲಿಯಂತೆ ಗುಡುಗುತ್ತಿತ್ತು. ಕೋಳಿ ಕೆದರಿದ ಗುಂಡಿಯನ್ನೂ ದಾಟುತ್ತಿರಲಿಲ್ಲ. ಹೆಂಡತಿಯ ತವರು ಸಾಸ್ವೆಹಳ್ಳಿಗೆ ಹೊರಟರೆ ಗುಂಡಿ ಬಂದಲ್ಲೆಲ್ಲ, "ಒಂಚೂರು ಇಳಿಯೇ ನಿರ್ಮಲಾ, ತಳ ಬಡಿತೈತೆ" ಎನ್ನುವರು. ಮಂಡಿನೋವಿನ ನಿರ್ಮಲಮ್ಮ ಇಳಿದು, ಹಿಂದೆ ನಡೆಯುತ್ತ ಏನೋ ಹೇಳುವರು; ಆ ಆರ್ಭಟದಲ್ಲಿ ಇವರಿಗೆ ಕೇಳುತ್ತಿರಲಿಲ್ಲ. "ಬೇಗ ಹತ್ತು ಹತ್ತು!" ಎನ್ನುವರು. ಆಕೆ ತೀರಿಕೊಂಡ ಮೇಲೆ ಮಂಜೂರನಲ್ಲಿಗೆ ಹೋಗಿ, "ಮೊದಲು ಹೆಂಗಿತ್ತೋ ಹಂಗೇ ಮಾಡಿಬಿಡಪ್ಪ" ಎಂದರು. ಈಗ ಕಾರಿನ ತಳ ಎಲ್ಲೂ ಬಡಿಯುವುದಿಲ್ಲ, ಸದ್ದೂ ಇಲ್ಲ. ಆದರೂ ಸಾಸ್ವೆಹಳ್ಳಿ ದಾರಿಯ ದೊಡ್ಡ ಗುಂಡಿಯ ಬಳಿ ನಿಲ್ಲಿಸಿ, ಎಂಜಿನ್ ಆರಿಸಿ, ಎಡಗಡೆಯ ಬಾಗಿಲು ತೆರೆದು, ಹಿಂದಕ್ಕೆ ತಿರುಗಿ ಕೇಳುತ್ತಾರೆ: "ಆವಾಗ ಏನೋ ಅಂತಿದ್ಯಲ್ಲ, ಏನದು?"