ಮಾತು ಮುಗಿಯುವವರೆಗೂ ಕಾದವರು

ಹೂವಿನ ಪರಾಗವನ್ನು ಬರೀ ಧೂಳೆಂದು ಒರೆಸಿಹಾಕುವವರೇ ಹೆಚ್ಚಾಗಿರುವ ಈ ಲೋಕದಲ್ಲಿ, ಆ ಧೂಳಿನ ಒಂದೊಂದು ಕಣಕ್ಕೂ ತನ್ನದೇ ಮುಖವಿದೆ, ಋತುವಿದೆ, ಬಂಧುಬಳಗವಿದೆ ಎಂದು ಮೂರು ದಶಕಗಳ ಕಾಲ ತೋರಿಸಿಕೊಟ್ಟವರು ನಮ್ಮ ಮೇಡಂ. ಸಸ್ಯಶಾಸ್ತ್ರದ ಈ ಸಣ್ಣ ಕವಲನ್ನು ನಮ್ಮ ವಿಭಾಗದಲ್ಲಿ ನೆಟ್ಟವರೂ ಅವರೇ, ನೀರೆರೆದವರೂ ಅವರೇ. ಒಂದು ತೊಟ್ಟು ಜೇನುತುಪ್ಪವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಜೇನುಹುಳುಗಳು ಯಾವ ಹೂವಿಗೆ ಹೋಗಿದ್ದವು, ಯಾವ ಹೂವಿಗೆ ಹೋಗಿದ್ದವೆಂದು ಮಾರುವವನು ಸುಳ್ಳು ಹೇಳುತ್ತಿದ್ದಾನೆ ಎಂಬೆರಡನ್ನೂ ಅವರು ಒಂದೇ ನೋಟದಲ್ಲಿ ಹೇಳಬಲ್ಲರು. ಅವರ ಸಂಶೋಧನೆಯ ತೂಕವನ್ನು ಬಲ್ಲವರು ಈ ಅಭಿನಂದನ ಗ್ರಂಥದ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನನ್ನ ವಿಷಯ ಅದಕ್ಕಿಂತ ಚಿಕ್ಕದು: ಬಾಯಿ ಕಟ್ಟಿಹೋಗುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರು ಪರದೇಶದ ವಿಶ್ವವಿದ್ಯಾಲಯಕ್ಕೆ ಕಳುಹಿಸಿಕೊಟ್ಟ ಬಗೆ.

ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಶಾಂತಮೂರ್ತಿಗಳಾಗಿಬಿಡುತ್ತಾರೆ. ಮೇಡಂ ಶಾಂತಮೂರ್ತಿಯಲ್ಲ. ಹೂವಿನ ಕಣವೊಂದು ಬಟ್ಟೆಗಂಟಿ ಸೂಕ್ಷ್ಮದರ್ಶಕದ ಕೋಣೆಗೆ ಬಂದರೆ ಒಂದು ವಾರದ ಕೆಲಸ ಹಾಳು. ಆದ್ದರಿಂದ ಬಾಗಿಲಲ್ಲೇ ಕೋಟು ಬದಲಿಸದ ಯಾರನ್ನೂ ಅವರು ಒಳಗೆ ಬಿಡುತ್ತಿರಲಿಲ್ಲ. ಅವರಿಗೆ ಪ್ರಶಸ್ತಿ ಬಂದಾಗ ಪ್ರಾಂಶುಪಾಲರು ದೊಡ್ಡ ಹೂಗುಚ್ಛ ಹಿಡಿದು ಬಂದರು. “ಹೂವು ಹೊರಗೆ, ನೀವು ಒಳಗೆ” ಎಂದು ಮೇಡಂ ಬಾಗಿಲಿಗೆ ಅಡ್ಡ ನಿಂತರು. ಪ್ರಾಂಶುಪಾಲರು ಗುಚ್ಛವನ್ನು ಕಾರಿಡಾರಿನ ನೆಲದ ಮೇಲಿಟ್ಟು ಬರಿಗೈಯಲ್ಲಿ ಬಂದು ಅಭಿನಂದಿಸಿದರು. ಬೆನ್ನ ಹಿಂದೆ ನಾವು ಅವರನ್ನು ‘ಧೂಳು ಮೇಡಂ’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತೆಂಬುದು ನಮಗೂ ಗೊತ್ತಿತ್ತು.

ನಾನು ಉಗ್ಗುತ್ತೇನೆ. ಎಲ್ಲ ಅಕ್ಷರಗಳೂ ನನಗೆ ಒಂದಲ್ಲ ಒಂದು ದಿನ ಕೈಕೊಟ್ಟಿವೆ. ‘ಪ’ ಮಾತ್ರ ಯಾವತ್ತೂ ಕೈಹಿಡಿದಿಲ್ಲ. ತುಟಿಗಳು ಕೂಡಿಕೊಂಡರೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಉಗ್ಗುವವರಿಗೆ ಒಂದು ಕಸುಬು ತಾನಾಗಿ ಕೈಗೂಡುತ್ತದೆ. ಕಷ್ಟದ ಪದ ದೂರದಲ್ಲಿ ಬರುತ್ತಿರುವುದು ಕಂಡೊಡನೆ ಪಕ್ಕದ ಓಣಿಗೆ ತಿರುಗಿ ಬೇರೊಂದು ಪದ ಹಿಡಿದು ಹೊರಗೆ ಬರುವುದು. ಚಿಕ್ಕವನಿದ್ದಾಗ ಪೇಸ್ಟು ತರಲು ಅಂಗಡಿಗೆ ಹೋಗಿ ಸೋಪು ತರುತ್ತಿದ್ದೆ. ನಮ್ಮ ಬಚ್ಚಲಲ್ಲಿ ಸೋಪಿನ ರಾಶಿಯೇ ಬಿದ್ದಿತ್ತು. “ಅಂಗಡಿ ಇಡ್ತೀಯೇನೋ?” ಎಂದು ಅಕ್ಕ ನಗುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಬೆಳೆಸಿದವಳು ಅವಳೇ. ಆಸ್ಪತ್ರೆಯಲ್ಲಿ ನರ್ಸು. ನನ್ನ ಬಾಯಿ ಕಟ್ಟುವುದಕ್ಕೆ ಮುಂಚೆಯೇ ನನ್ನ ವಾಕ್ಯವನ್ನು ತಾನೇ ಮುಗಿಸಿಬಿಡುತ್ತಿದ್ದಳು. ಅದು ಅವಳ ಪ್ರೀತಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಮುಗಿಸುತ್ತಿದ್ದಳು. ಹತ್ತನೆಯದನ್ನು ನಾನು ಸುಮ್ಮನೆ ಒಪ್ಪಿಕೊಳ್ಳುತ್ತಿದ್ದೆ.

ಅಂಥವನು ಪರಾಗಶಾಸ್ತ್ರವನ್ನೇ ಆರಿಸಿಕೊಂಡದ್ದಕ್ಕೆ ಏನೆನ್ನಬೇಕೋ ತಿಳಿಯದು. ಪದ ನನ್ನನ್ನು ಒಲ್ಲೆನೆಂದರೂ ವಿಷಯ ನನ್ನನ್ನು ಒಪ್ಪಿತ್ತು. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ನಾನು ತುಟಿ ಬಿಗಿದು ನಿಂತಾಗ, ಹೊರಗಿನಿಂದ ಬಂದ ಪರೀಕ್ಷಕರು ಕರುಣೆಯಿಂದ ನನ್ನ ಉತ್ತರವನ್ನು ತಾವೇ ಹೇಳಲು ಶುರುಮಾಡಿದರು. “ಅವನು ಹೇಳ್ತಿದ್ದಾನೆ ಸರ್” ಎಂದರು ಮೇಡಂ. ಅಷ್ಟೇ. ನನ್ನತ್ತ ತಲೆಯಾಡಿಸಲಿಲ್ಲ, ಹುರಿದುಂಬಿಸುವ ನಗೆ ಬೀರಲಿಲ್ಲ, ಬೇರೆಡೆ ನೋಡಲೂ ಇಲ್ಲ. ಬಸ್ಸು ಬರುತ್ತದೆಂದು ಖಾತ್ರಿಯಿರುವವರು ನಿಲ್ದಾಣದಲ್ಲಿ ಕೂರುವ ಹಾಗೆ ಕೂತಿದ್ದರು. ಬಸ್ಸು ಬಂತು.

ಮರುವಾರವೇ ಅವರು ನನ್ನನ್ನು ವಿಭಾಗದ ಟೆಲಿಫೋನಿಗೆ ನೇಮಿಸಿದರು. ಜೇನು ಸಾಕುವವರು ತಮ್ಮ ತುಪ್ಪದ ಮಾದರಿ ಕಳಿಸಿ, ಫಲಿತಾಂಶಕ್ಕೆಂದು ಫೋನು ಮಾಡುತ್ತಿದ್ದರು. ಉಗ್ಗುವವನಿಗೆ ಟೆಲಿಫೋನೆಂದರೆ ಏನೆಂದು ಉಗ್ಗದವರಿಗೆ ವಿವರಿಸುವುದು ಕಷ್ಟ. ಅಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ, ಮೌನವೆಂದರೆ ಸತ್ತ ತಂತಿ. ನಮ್ಮ ಹಳೆಯ ಗಿರಾಕಿಯೊಬ್ಬರಿದ್ದರು, ಜೇನಜ್ಜ ಎನ್ನುತ್ತಿದ್ದೆವು. ಅವರು ಎರಡು ಸಲ “ಹಲೋ, ಹಲೋ, ಲೈನ್ ಹೋಯ್ತು ಕಾಣ್ಸುತ್ತೆ” ಎಂದು ಇಟ್ಟುಬಿಟ್ಟರು. ಮೂರನೆಯ ಸಲ ಮೇಡಂ ನನ್ನ ಕೈಯಿಂದ ರಿಸೀವರು ತೆಗೆದುಕೊಂಡು, “ಲೈನ್ ಇದೆ. ಹುಡುಗ ಮಾತಾಡ್ತಿದ್ದಾನೆ, ಕೇಳಿಸ್ಕೊಳ್ಳಿ” ಎಂದು ಹೇಳಿ ಮತ್ತೆ ನನ್ನ ಕೈಗೇ ಕೊಟ್ಟರು. ತಿಂಗಳಾಗುವಷ್ಟರಲ್ಲಿ ಜೇನಜ್ಜನಿಗೆ ರೂಢಿಯಾಯಿತು. “ನಿಧಾನಕ್ಕೆ ಹೇಳಪ್ಪ, ನನ್ನ ಹುಳ ಎಲ್ಲೂ ಹೋಗಲ್ಲ. ಹೋದ್ರೂ ಸಾಯಂಕಾಲ ಬರ್ತಾವೆ” ಎನ್ನುತ್ತಿದ್ದರು.

ನನಗೆ ಪರದೇಶದಲ್ಲಿ ಸಂಶೋಧನೆಯ ಸೀಟು ಸಿಕ್ಕಿದ್ದು ಮೇಡಂ ಅವರ ಶಿಫಾರಸಿನಿಂದ. ಇನ್ನು ಉಳಿದದ್ದು ವೀಸಾ. ಸಂದರ್ಶನದ ದಿನ ಉದ್ದನೆಯ ಹಜಾರದಲ್ಲಿ ಸಾಲಾಗಿ ಕಿಟಕಿಗಳು, ಪ್ರತಿ ಕಿಟಕಿಗೂ ದಪ್ಪ ಗಾಜು, ಗಾಜಿನಲ್ಲೊಂದು ಮೈಕು. ಗಾಜಿನಾಚೆಯ ಯುವಕ ಕೆಟ್ಟವನೇನಲ್ಲ. ಏನು ಓದಲು ಹೋಗುತ್ತಿದ್ದೀರಿ ಎಂದು ಕೇಳಿದ. ಅವನ ಭಾಷೆಯಲ್ಲೂ ನನ್ನ ಶಾಸ್ತ್ರದ ಹೆಸರು ನನ್ನ ಶತ್ರುವಾದ ಅದೇ ಅಕ್ಷರದಿಂದಲೇ ಶುರುವಾಗುತ್ತದೆ. ತುಟಿಗಳು ಕೂಡಿಕೊಂಡವು. ಬೆನ್ನ ಹಿಂದೆ ಸಾಲು ಮಿಸುಕಾಡಿತು. ಅವನು ಮೈಕು ಕೆಟ್ಟಿದೆಯೇನೋ ಎಂದು ಬಡಿದು ನೋಡಿದ. ನಾನು ಪಕ್ಕದ ಓಣಿಗೆ ತಿರುಗಿದೆ. “ತೋಟಗಾರಿಕೆ” ಎಂದೆ.

ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ನನಗೆ ಖುಷಿಯೇ ಆಯಿತು. ಅವನು ಕಾಗದ ನೋಡಿದ, ನನ್ನನ್ನು ನೋಡಿದ. ಇಲ್ಲಿ ಬೇರೆ ಏನೋ ಇದೆಯಲ್ಲ ಎಂದ. ಹೇಳಿದ್ದನ್ನು ಉಳಿಸಿಕೊಳ್ಳಲು ಗುಲಾಬಿಯ ಮೇಲೆ ಕೆಲಸ ಮಾಡುತ್ತೇನೆಂದೆ. ಸೋಪಿನ ಮೇಲೆ ಸೋಪು. ವ್ಯಾಸಂಗದ ಉದ್ದೇಶ ಸ್ಪಷ್ಟವಾಗಿಲ್ಲವೆಂಬ ಚೀಟಿಯೊಂದಿಗೆ ಪಾಸ್‌ಪೋರ್ಟು ವಾಪಸು ಬಂತು.

ಮೇಡಂ ಎದುರು ನಡೆದದ್ದನ್ನು ಹೇಳಿ ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಷ್ಟು ವರ್ಷದಲ್ಲಿ ನಾನೊಬ್ಬ ತೋಟಗಾರನ್ನ ತಯಾರು ಮಾಡಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ” ಎಂದರು. ಎಲ್ಲರೂ ಮರಣದ ಮನೆಗೆ ಬಂದವರಂತೆ ಮಾತಾಡುತ್ತಿದ್ದ ಆ ದಿನಗಳಲ್ಲಿ, ನನ್ನೆದುರು ನಕ್ಕವರು ಅವರೊಬ್ಬರೇ. ನನಗೂ ನಗು ಬಂತು. ಆಮೇಲೆ ಅವರು ಅಲ್ಲಿಯ ಪ್ರಾಧ್ಯಾಪಕರಿಗೆ ಪತ್ರ ಬರೆದರು. ತರಗತಿ ಶುರುವಾಗುವವರೆಗೆ ಮಾತ್ರ ಸೀಟು ಕಾಯುತ್ತದೆ, ಅದರಾಚೆ ಬೇರೆಯವರ ಪಾಲು ಎಂಬ ಉತ್ತರ ಬಂತು. ಅಂದರೆ ಇನ್ನೊಂದೇ ಸಂದರ್ಶನಕ್ಕೆ ಅವಕಾಶ.

ಅಕ್ಕ ಆಸ್ಪತ್ರೆಯ ಸಮವಸ್ತ್ರದಲ್ಲೇ ವಿಭಾಗಕ್ಕೆ ಬಂದಳು. ನನ್ನ ತಮ್ಮನಿಗೆ ಮಾತಿನ ತೊಂದರೆಯಿದೆ, ದಯವಿಟ್ಟು ಅವನನ್ನು ಹೆಚ್ಚು ಪ್ರಶ್ನಿಸಬೇಡಿ ಎಂದು ವೀಸಾದವರಿಗೊಂದು ಕಾಗದ ಬರೆದುಕೊಡಬೇಕೆಂದು ಕೇಳಿದಳು. ಮೇಡಂ ಒಪ್ಪಲಿಲ್ಲ. ಅವನ ಬದಲು ಕಾಗದ ಮಾತಾಡಿದರೆ ಅಲ್ಲಿಗೆ ಹೋದಮೇಲೆ ಯಾರು ಮಾತಾಡುತ್ತಾರೆ ಎಂದರು. ಅಕ್ಕನಿಗೆ ಸಿಟ್ಟು ಬಂತು.

“ಒಂದು ಕಾಗದ ಬರೆದ್ರೆ ನಿಮ್ಮ ಕೈ ಸವೆದುಹೋಗುತ್ತಾ? ನಿಮಗೇನು, ಇವನಲ್ದಿದ್ರೆ ಇನ್ನೊಬ್ಬ ಸ್ಟೂಡೆಂಟು. ನನಗಿರೋನು ಇವನೊಬ್ಬ.”

ಮೇಡಂ ನನ್ನ ಕಡೆ ತಿರುಗಿ ಕೇಳಿದರು: “ನಾವಿಬ್ರೂ ಜಗಳ ಆಡ್ತಿದ್ದೀವಿ. ನಿನಗೇನು ಬೇಕು?”

ಅಕ್ಕ ಬಾಯಿ ತೆರೆದಳು. ಮೇಡಂ ಅವಳ ಮೊಣಕೈ ಮೇಲೆ ಮೆಲ್ಲಗೆ ಕೈಯಿಟ್ಟರು. ಅವಳು ಬಾಯಿ ಮುಚ್ಚಿದಳು. ನಾನು ಬಹಳ ಹೊತ್ತಿನ ಮೇಲೆ, “ಬೇಕು” ಎಂದೆ. ಕಾಗದ ಬೇಕು, ಭಯವಾಗುತ್ತಿದೆ.

ಗುರುಗಳ ಕುರಿತ ಕಥೆಗಳಲ್ಲಿ ಶಿಷ್ಯ ಇಂಥ ಗಳಿಗೆಯಲ್ಲಿ ‘ಬೇಡ’ ಎನ್ನಬೇಕು. ನಾನು ಅನ್ನಲಿಲ್ಲ. ಮೇಡಂ ಮುಖ ಸಣ್ಣದು ಮಾಡಲಿಲ್ಲ, ಉಪದೇಶ ಮಾಡಲಿಲ್ಲ, ಕುರ್ಚಿ ಎಳೆದುಕೊಂಡು ಅಲ್ಲೇ ಬರೆದುಕೊಟ್ಟರು. ತಮಗೆ ಸರಿಯೆನಿಸದ್ದನ್ನು ನನಗೆ ಬೇಕೆಂಬ ಒಂದೇ ಕಾರಣಕ್ಕೆ ಅಷ್ಟು ಚೆನ್ನಾಗಿ ಬರೆದವರನ್ನು ನಾನು ಬೇರೆ ಕಂಡಿಲ್ಲ. ಕೊಡುವಾಗ ಒಂದು ಮಾತು ಮಾತ್ರ ಹೇಳಿದರು: “ಇದನ್ನ ಅವರು ಓದದಿದ್ರೆ, ನೀನೇ ಹೇಳು. ಕಾಯಿರಿ ಅಂತ ಕೇಳೋದು ತಪ್ಪಲ್ಲ. ಗಾಜಿನ ಹಿಂದೆ ಇರೋರಿಗೆ ನೀನು ಹೇಳದೆ ಹೇಗೆ ಗೊತ್ತಾಗುತ್ತೆ?”

ಎರಡನೆಯ ಸಲ ಗಾಜಿನಾಚೆ ಕೂತಿದ್ದವರು ವಯಸ್ಸಾದ ಹೆಂಗಸು. ನಾನು ಕಾಗದವನ್ನು ಗಾಜಿನ ಕೆಳಗಿನ ಸಂದಿಯಲ್ಲಿ ತೂರಿಸಿದೆ. ಅವರು ಅದನ್ನು ಬಿಡಿಸದೆಯೇ ಹಿಂದಕ್ಕೆ ತಳ್ಳಿದರು. ಕೇಳಿದ ದಾಖಲೆಗಳನ್ನು ಮಾತ್ರ ಕೊಡಬೇಕಂತೆ. ಏನು ಓದುತ್ತೀರಿ ಎಂದು ಕೇಳಿದರು.

ಪಕ್ಕದ ಓಣಿ ತೆರೆದೇ ಇತ್ತು. ತೋಟ, ಗುಲಾಬಿ, ಗಿಡಮರ, ಎಲ್ಲವೂ ನಾಲಗೆಯ ತುದಿಯಲ್ಲಿದ್ದವು.

“ನಾನು ಉಗ್ಗುತ್ತೇನೆ” ಎಂದೆ. “ಹೇಳ್ತೀನಿ. ನೀವು ಕಾಯಬೇಕು.”

ಅವರು ಪೆನ್ನು ಕೆಳಗಿಟ್ಟರು. ಪಕ್ಕದ ಕಿಟಕಿಯಲ್ಲಿ ಒಬ್ಬನ ಕೆಲಸ ಮುಗಿದು ಇನ್ನೊಬ್ಬ ಬಂದ. ನನ್ನ ತುಟಿಗಳು ಕೂಡಿಕೊಂಡೇ ಇದ್ದವು, ಕತ್ತಿನ ನರ ಉಬ್ಬಿತು, ಗಾಜಿನಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು. ಆಮೇಲೆ ಪದ ಬಂತು. ಪೂರ್ತಿ ಬಂತು.

ಹೋದ ಸಲ ತೋಟಗಾರಿಕೆ ಎಂದಿದ್ದಿರಲ್ಲ ಎಂದು ಅವರು ಹಳೆಯ ದಾಖಲೆ ನೋಡಿ ಕೇಳಿದರು. ಅದು ಹೇಳಲು ಸುಲಭವೆಂದೆ. “ಮತ್ತೆ ಗುಲಾಬಿ?” ಎಂದರು. ಅದೂ ಸುಲಭವೆಂದೆ. ಅವರು ನಕ್ಕರೆಂದು ಹೇಳಲಾರೆ. ಆದರೆ ಗಾಜಿನಾಚೆ ಏನೋ ಸ್ವಲ್ಪ ಸಡಿಲವಾಯಿತು. ಜೇನಿನ ಕೆಲಸದ ಬಗ್ಗೆ ಕೇಳಿದರು, ಹೇಳಿದೆ, ಕಾದು ಕೇಳಿಸಿಕೊಂಡರು. ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡರೆ ವೀಸಾ ಸಿಕ್ಕಿತೆಂದು ಅರ್ಥ.

ಬಂದಿಳಿದ ದಿನದ ಬಗ್ಗೆಯೂ ಒಂದು ಮಾತು. ವಿಮಾನ ನಿಲ್ದಾಣದ ಮೇಜಿನಲ್ಲಿ ಅದೇ ಪ್ರಶ್ನೆ, ಅದೇ ಉತ್ತರ, ಹಿಂದೆ ಅದಕ್ಕಿಂತ ಉದ್ದದ ಸಾಲು. ಹಾಸ್ಟೆಲಿನಲ್ಲಿ ಬೀಗದ ಕೈ ಕೊಡುವವರು ಒಳ್ಳೆಯ ಹೆಂಗಸು, ತೊಂದರೆಯಾದದ್ದೇ ಅದರಿಂದ. ಯಾವ ವಿಭಾಗವೆಂದು ಕೇಳಿ, ನನ್ನ ತುಟಿ ಬಿಗಿದದ್ದು ಕಂಡು, ಸಹಾಯ ಮಾಡಲು ಧಾವಿಸಿದರು. ಭೌತಶಾಸ್ತ್ರವೇ? ತತ್ತ್ವಶಾಸ್ತ್ರವೇ? ಹಿಂದಿನ ನಾನಾಗಿದ್ದರೆ ತಲೆಯಾಡಿಸಿ ತತ್ತ್ವಜ್ಞಾನಿಗಳ ಕಟ್ಟಡದಲ್ಲಿ ಹಾಸಿಗೆ ಬಿಚ್ಚಿ ಮಲಗುತ್ತಿದ್ದೆ. ಕೈಯೆತ್ತಿ ತಡೆದೆ. ಅವರು ಬೀಗದ ಕೈ ಹಿಡಿದುಕೊಂಡೇ ನಿಂತರು. ನನ್ನ ವಿಭಾಗದ ಹೆಸರನ್ನು ನಾನೇ ಹೇಳಿದೆ.

ಕಿರಿದಾದ ಮಂಚ, ಗೇಣಗಲ ಮಾತ್ರ ತೆರೆಯುವ ಕಿಟಕಿ, ಹಿಂದಿದ್ದವರು ಬಿಟ್ಟುಹೋದ ಬಟ್ಟೆಯ ಹ್ಯಾಂಗರು. ಪೆಟ್ಟಿಗೆ ಇಳಿಸಿ ಅಕ್ಕನಿಗೆ ಫೋನು ಮಾಡಿದೆ. ‘ತಲುಪಿದೆ’ ಎನ್ನಬೇಕು, ಅದಕ್ಕೂ ನಾಲಗೆ ಅಂಟಿಕೊಂಡಿತು. ಆಕಡೆ ಸದ್ದೇ ಇಲ್ಲ. ಲೈನು ಹೋಯಿತೆಂದುಕೊಂಡೆ.

“ಇದ್ದೀನಿ, ಹೇಳು” ಎಂದಳು ಅಕ್ಕ.

ನಾನು ಹುಟ್ಟಿದಾಗಿನಿಂದ, ಯಾರೂ ತಡೆಯದೆ ಅವಳು ತಾನಾಗಿ ಹೀಗೆ ಕಾದದ್ದು ಅದೇ ಮೊದಲು. ಹೇಳಿ ಮುಗಿಸಿದೆ. ಆಮೇಲೆ ಅವಳೇ ಹೇಳಿದಳು: ನಾನು ಹೊರಟ ಮೇಲೆ ಜಗಳದ ಮಾತಿಗೆ ಕ್ಷಮೆ ಕೇಳಲೆಂದು ಮೇಡಂ ಬಳಿ ಹೋಗಿದ್ದಳಂತೆ. “ಕ್ಷಮೆ ಗಿಮೆ ಏನೂ ಬೇಡ ಅಂದ್ರು ಕಣೋ. ಕೂರಿಸ್ಕೊಂಡು ನನಗೇ ಕ್ಲಾಸ್ ತಗೊಂಡ್ರು. ‘ನೀವೀಗ ಆರು ಸಾವಿರ ಮೈಲಿ ದೂರದಿಂದ ಅವನ ಮಾತು ಮುಗಿಸೋಕಾಗಲ್ಲಮ್ಮ, ಇವತ್ತಿಂದ್ಲೇ ಬಿಟ್ಬಿಡಿ’ ಅಂದ್ರು.”

ಇದು ನಡೆದು ಬಹಳ ವರ್ಷಗಳಾದವು. ನನ್ನಂತೆ ಅವರ ಕೈಯಲ್ಲಿ ತಯಾರಾದವರು ಇಂದು ಹತ್ತಾರು ಪ್ರಯೋಗಾಲಯಗಳಲ್ಲಿದ್ದಾರೆ. ಅವರೆಲ್ಲ ಉಗ್ಗುವವರಲ್ಲ, ಆದರೆ ಒಬ್ಬೊಬ್ಬರಿಗೂ ತಾವು ದಾಟಲಾರದ ಒಂದೊಂದು ಪದವಿತ್ತೆಂದು, ಮೇಡಂ ಅದರ ಬಳಿಯೂ ಹೀಗೆಯೇ ಕೂತಿದ್ದರೆಂದು ಅವರ ಪತ್ರಗಳಿಂದ ತಿಳಿದಿದ್ದೇನೆ. ನಿವೃತ್ತಿಯ ನಂತರ ತಮ್ಮ ಪರಾಗಚಿತ್ರಗಳ ಸಂಪುಟವನ್ನು ಪೂರ್ಣಗೊಳಿಸುವುದಾಗಿಯೂ, ಜೇನು ಸಾಕುವವರ ಮಾದರಿಗಳನ್ನು ಮನೆಯಲ್ಲೇ ನೋಡುವುದಾಗಿಯೂ ಅವರು ಹೇಳಿದ್ದಾರೆ. ಅವರ ಕಣ್ಣಿನ ಹರಿತ ಮಾಸದಿರಲಿ, ಆ ಸಂಪುಟಕ್ಕೆ ಕೊನೆಯೆಂಬುದು ಬೇಗ ಬಾರದಿರಲಿ, ಮನೆಯ ಬಾಗಿಲಲ್ಲೂ ಅವರು ಬಂದವರನ್ನು ಕೋಟು ಬದಲಿಸಲು ಗದರಿಸುತ್ತಿರಲಿ.

ಈ ಗ್ರಂಥದ ಬಿಡುಗಡೆಯ ದಿನ ನಾನೂ ವೇದಿಕೆಯಿಂದ ಮಾತಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಒಬ್ಬೊಬ್ಬರಿಗೆ ಐದು ನಿಮಿಷವಂತೆ. ನನ್ನ ಐದು ನಿಮಿಷ ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೂ ಗೊತ್ತಿಲ್ಲ. ಸಭೆಯಲ್ಲಿ ಯಾರಿಗಾದರೂ ಚಡಪಡಿಕೆಯಾದರೆ ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರನ್ನು ಒಮ್ಮೆ ನೋಡಬೇಕೆಂದು ವಿನಂತಿ. ನಾವೆಲ್ಲ ಅವರಿಗೆ ಹೇಳಬೇಕಾದದ್ದು ಇನ್ನೂ ಬಹಳ ಉಳಿದಿದೆ. ಅದನ್ನೆಲ್ಲ ಕೇಳಿ ಮುಗಿಸುವಷ್ಟು ಆಯುಸ್ಸು ಅವರದಾಗಲಿ.