ಬೇರೆ ಹೆಸರು ಉಂಟೇ?

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇಸವಿ ಇರಬೇಕು. ಅಮೆರಿಕದ ಪೊಮೊನಾದಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಿ, ಫಾರಂ ತುಂಬಿ ಕಾದು ಕೂತಿದ್ದೆ. ಪಕ್ಕದಲ್ಲಿದ್ದ ಥಾಯ್ಲೆಂಡಿನವನೊಬ್ಬ ತನ್ನ ಫಾರಂ ತೋರಿಸಿದ. "ಬೇರೆ ಯಾವುದಾದರೂ ಹೆಸರು ಬಳಸಿದ್ದೀರಾ?" ಎಂಬ ಪ್ರಶ್ನೆಯ ಮೇಲೆ ಅವನ ಬೆರಳಿತ್ತು.

"ಹೌದು ಅಂತ ಬರೆದರೆ ಲೈಸೆನ್ಸ್ ಕೊಡ್ತಾರಾ? ಸೋಮವಾರದಿಂದ ವ್ಯಾನ್ ಓಡಿಸೋ ಕೆಲಸ ಸಿಕ್ಕಿದೆ."

"ಎರಡೆರಡು ಹೆಸರು ಕಳ್ಳರಿಗಿರುತ್ತೆ, ನಿಮಗ್ಯಾಕೆ?" ಎಂದುಬಿಟ್ಟೆ.

ಅವನು ನಕ್ಕ. ಊರು ತುಂಬ ಬೌದ್ಧರೇ ಇರುವ ಜಾಗದ ಮುಸಲ್ಮಾನ ಅವನು. ಮನೆಯಲ್ಲಿ ಇಸ್ಮಾಯಿಲ್, ಶಾಲೆಯಲ್ಲೂ ಸರ್ಕಾರಿ ಕಾಗದದಲ್ಲೂ ಸೋಮ್‌ಚಾಯ್. ಅವರಲ್ಲಿ ಅದೇ ರೂಢಿಯಂತೆ. ಭಿಕ್ಷೆಗೆ ಬರುವ ಬೌದ್ಧ ಸನ್ಯಾಸಿಗೂ ಎರಡೂ ಹೆಸರು ಗೊತ್ತಿತ್ತಂತೆ.

"ಬೇಜಾರಾಗ್ತಿರಲಿಲ್ವಾ?"

"ಯಾಕೆ? ಮೇಷ್ಟ್ರ ಹತ್ತಿರ ಬೈಸಿಕೊಳ್ಳೋನು ಸೋಮ್‌ಚಾಯ್. ಅಮ್ಮನ ಕೈಯಲ್ಲಿ ಊಟ ಮಾಡೋನು ಇಸ್ಮಾಯಿಲ್."

ಧೈರ್ಯವಾಗಿ ಬರೀರಿ ಎಂದೆ. ಕೌಂಟರಿನಾಕೆ ಹುಬ್ಬೂ ಏರಿಸದೆ ಎರಡೂ ಹೆಸರು ಟೈಪ್ ಮಾಡಿಕೊಂಡಳು. ಅವನು ಖುಷಿಯಿಂದ ವಾಪಸ್ ಬಂದು ನನ್ನ ಫಾರಂ ಇಣುಕಿ ನೋಡಿದ.

"ನಿಮಗೆ ಒಂದೇ ಹೆಸರಾ?"

"ಒಂದೇ," ಎಂದೆ ಜಂಬದಿಂದ.

ಅಷ್ಟರಲ್ಲಿ ಕೌಂಟರಿನಿಂದ "ಮಿಸ್ಟರ್ ಅರಕಲಗೂಡು!" ಎಂಬ ಕೂಗು ಬಂತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ತಪ್ಪಿಗೆ, ಈ ದೇಶಕ್ಕೆ ಬಂದಾಗಿನಿಂದ ನನ್ನನ್ನು ಎಲ್ಲರೂ ಕರೆಯುವುದು ನಮ್ಮೂರಿನ ಹೆಸರಿನಿಂದಲೇ. ಇಸ್ಮಾಯಿಲ್ ಪೆನ್ನು ಮುಂದೆ ಚಾಚಿದ. "ಇಲ್ಲ" ಎಂದು ಬರೆದಿದ್ದನ್ನು ಹೊಡೆದುಹಾಕಿ ಎದ್ದೆ. ಜೊತೆಗೆ ಇಡೀ ಅರಕಲಗೂಡು ತಾಲ್ಲೂಕೇ ಎದ್ದು ನಿಂತಿತು.